ಯಾವುದರಲ್ಲಿ ಎಷ್ಟು ಪಾಲು? ಬಾವುಟ ಬಿಡಿಸುವ ಪುಟ್ಟ ಭಾಷೆಯೊಂದರ ಪ್ರಕರಣ

ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ಇಬ್ಬರು ಮಾಡಿದ ಪ್ರಾಜೆಕ್ಟಿನ ಕಥೆ ಇದು. ಗೈಡ್ ನಾನು. ಕಂಪ್ಯೂಟರಿಗೆ ಕನ್ನಡದಲ್ಲೇ ಹೇಳಿ ಬಾವುಟ ಬಿಡಿಸುವ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಬೇಕಿತ್ತು. ಕಟ್ಟಿದೆವು, ಕೆಡವಿದೆವು, ಮತ್ತೆ ಕಟ್ಟಿದೆವು. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ವಿದ್ಯಾರ್ಥಿಗಳನ್ನು ಹುಡುಗಿ, ಹುಡುಗ ಅಂತಲೇ ಕರೆಯುತ್ತೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅದರಲ್ಲಿ ದೊಡ್ಡವು ನನ್ನವೇ.

ಹಿನ್ನೆಲೆ

ರೈಲ್ವೆ ಹಳಿಯ ಆಚೆಗಿನ ಒಂದು ಸರ್ಕಾರಿ ಪ್ರೌಢಶಾಲೆಯ ಗಣಿತದ ಮೇಡಂ ಜೂನ್‌ನಲ್ಲಿ ನಮ್ಮ ವಿಭಾಗಕ್ಕೆ ಬಂದರು. ಅವರ ಲ್ಯಾಬಿನಲ್ಲಿ ದಾನವಾಗಿ ಬಂದ ಹಳೇ ಕಂಪ್ಯೂಟರುಗಳಿದ್ದವು, ಇಂಟರ್‌ನೆಟ್ ಇರಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳಿಗೆ ಪ್ರೋಗ್ರಾಮಿಂಗ್ ರುಚಿ ಹತ್ತಿಸಬೇಕು ಅನ್ನುವುದು ಅವರ ಆಸೆ. "ಪ್ರಿಂಟ್ ಅನ್ನೋ ಪದದ ಸ್ಪೆಲ್ಲಿಂಗ್ ತಿದ್ದೋದ್ರಲ್ಲೇ ಪೀರಿಯಡ್ ಮುಗಿದುಹೋಗುತ್ತೆ ಸರ್. ಕನ್ನಡದಲ್ಲಿ ಏನಾದ್ರೂ ಮಾಡಿಕೊಡಿ. ಹೇಗೂ ಆಗಸ್ಟ್ 15 ಬರ್ತಿದೆ, ಬಾವುಟ ಬಿಡಿಸೋದೇ ಇಟ್ಕೊಳ್ಳಿ."

ನನಗೆ ಖುಷಿಯಾಯಿತು. ಮೂರು ಪಟ್ಟಿ, ಒಂದು ಚಕ್ರ, ಇನ್ನೇನಿದೆ ಅಂದುಕೊಂಡೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದ ಇಬ್ಬರನ್ನು ಕರೆದು ಒಪ್ಪಿಸಿದೆ. ಹುಡುಗಿಗೆ ಕಂಪೈಲರ್ ಪಾಠ ಇಷ್ಟ, ಹುಡುಗನಿಗೆ ಚಿತ್ರ. ಬರೆದ ಸಾಲುಗಳನ್ನು ಓದಿ ಅರ್ಥಮಾಡಿಕೊಳ್ಳುವ ಪಾರ್ಸರ್ ಅವಳದ್ದು, ಅದರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದ ಎಸ್‌ವಿಜಿ ಚಿತ್ರ ಹೊರಡಿಸುವ ಭಾಗ ಅವನದ್ದು. ಎಲ್ಲವೂ ಒಂದೇ ಫೈಲಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಬ್ರೌಸರಿನಲ್ಲಿ ತೆರೆಯುವ ಹಾಗೆ. ಇಡೀ ವರ್ಷದಲ್ಲಿ ನಾವು ಒಮ್ಮೆಯೂ ಬದಲಿಸಬೇಕಾಗದ ತೀರ್ಮಾನ ಅದೊಂದೇ.

ಮೊದಲೆರಡು ಯತ್ನ

ಮೊದಲು ಹೊಳೆದದ್ದು ಆಮೆ. 1967ರಲ್ಲಿ ಸೀಮೋರ್ ಪೇಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಮಕ್ಕಳಿಗಾಗಿ ಮಾಡಿದ ಲೋಗೊ ಭಾಷೆಯ ಆಮೆಯನ್ನೇ ಕನ್ನಡಕ್ಕೆ ತಂದೆವು. "ಮುಂದೆ 300, ಬಲಕ್ಕೆ 90" ಅಂದರೆ ಅದು ಗೆರೆ ಎಳೆಯುತ್ತಾ ಹೋಗುತ್ತದೆ. ಚೌಕ, ನಕ್ಷತ್ರಕ್ಕೆ ಆಮೆಯಂಥ ಮೇಷ್ಟ್ರು ಇನ್ನೊಬ್ಬರಿಲ್ಲ. ಆದರೆ ಬಾವುಟ ಅಂದರೆ ಗೆರೆಯಲ್ಲ, ಬಣ್ಣದ ಹರವು. ಮೂರು ಪಟ್ಟಿ ಬಳಿಯುವಷ್ಟರಲ್ಲಿ ಪ್ರೋಗ್ರಾಮು ಮೂವತ್ತು ಸಾಲು ದಾಟಿತು. ಬಾವುಟವನ್ನು ಸ್ವಲ್ಪ ದೊಡ್ಡದು ಮಾಡೋಣ ಅಂದರೆ ಮೂವತ್ತರಲ್ಲಿ ಇಪ್ಪತ್ತು ಸಂಖ್ಯೆ ತಿದ್ದಬೇಕು. ಎರಡೇ ವಾರಕ್ಕೆ ಬಿಟ್ಟೆವು.

ಎರಡನೆಯದು ನನ್ನ ಹಟ. ನೇರವಾಗಿ ಅಂಕಿ ಕೊಟ್ಟು ಆಯತ ಬಿಡಿಸುವುದು: ಎಡದಿಂದ ಇಷ್ಟು, ಲಂಬವಾಗಿ ಇಷ್ಟು, ಉದ್ದ ಇಷ್ಟು, ಎತ್ತರ ಇಷ್ಟು, ಬಣ್ಣ ಇದು. ನಾವು ಮೂವರೂ ಪರೀಕ್ಷೆ ಮಾಡಿದೆವು, ಚೆನ್ನಾಗಿ ಬಂತು. ಆಗಸ್ಟ್ 14ರ ಮಧ್ಯಾಹ್ನ ಶಾಲೆಯಲ್ಲಿ ತಾಲೀಮು. ಮಕ್ಕಳು ಗ್ರಾಫ್ ಹಾಳೆಯಲ್ಲಿ ಮೊದಲೇ ಬಿಡಿಸಿಕೊಂಡು ಬಂದಿದ್ದ ಅಂಕಿಗಳನ್ನು ಟೈಪ್ ಮಾಡಿದರು, ಗುಂಡಿ ಒತ್ತಿದರು. ಲ್ಯಾಬಿನ ತುಂಬಾ ಹಸಿರು ಮೇಲೆ, ಕೇಸರಿ ಕೆಳಗೆ.

ಧ್ವಜ ಸಂಹಿತೆ ಕೇಸರಿ ಕೆಳಗೆ ಬರುವಂತೆ ಧ್ವಜವನ್ನು ಪ್ರದರ್ಶಿಸಕೂಡದು ಅನ್ನುತ್ತದೆ. ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ತರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಜೊತೆ ಮರುದಿನದ ಲಾಡುವಿನ ಲೆಕ್ಕ ಹಾಕುತ್ತಿದ್ದರು. ಮೇಡಂ ಓಡಿಹೋಗಿ ಮೇನ್ ಸ್ವಿಚ್ಚೇ ಆಫ್ ಮಾಡಿದರು.

ಮಕ್ಕಳದ್ದು ತಪ್ಪೇ ಇರಲಿಲ್ಲ. ಗಣಿತದಲ್ಲಿ ಅವರು ಕಲಿತ ಗ್ರಾಫಿನ ಮೂಲಬಿಂದು ಕೆಳಗಿನ ಎಡ ಮೂಲೆಯಲ್ಲಿರುತ್ತದೆ, ಅಂಕಿ ಮೇಲಕ್ಕೆ ಏರುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಮೂಲ ಮೇಲಿನ ಎಡ ಮೂಲೆ, ಅಂಕಿ ಕೆಳಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಪರದೆಗೆ ಚಿತ್ರ ಬರೆದು ಒಗ್ಗಿಹೋದ ನಮಗೆ ಅದು ಹೊಳೆಯಲೇ ಇಲ್ಲ. ಕಾಲೇಜಿಗೆ ವಾಪಸು ಬಂದು ನಾನು ಮಾಡಿದ್ದು ಎರಡನೇ ತಪ್ಪು: ಅಕ್ಷವನ್ನು ತಿರುಗಿಸಿಬಿಟ್ಟರೆ ಆಯಿತು ಅಂದೆ. ಹುಡುಗಿ ಒಪ್ಪಲಿಲ್ಲ. "ಸರ್, ಮೇಲಿನ ಪಟ್ಟಿ ಕೇಸರಿ ಅಂತ ಹೇಳೋಕೆ ಮಗು ಯಾಕೆ 400 ಅಂತ ಬರೀಬೇಕು?" ಅಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಗೈಡ್ ಅನ್ನುವ ಗತ್ತಿನಲ್ಲಿ ತಳ್ಳಿಹಾಕಿದೆ. ಸೆಪ್ಟೆಂಬರ್ ಪೂರ್ತಿ ಅಕ್ಷ ತಿರುಗಿಸುವುದರಲ್ಲೇ ಹೋಯಿತು.

ಅಂಗಡಿಯ ನೋಟ್‌ಬುಕ್ಕು

ಹುಡುಗನ ಸೋದರಮಾವನದು ಹಳೇ ಊರಿನಲ್ಲಿ ಟೈಲರ್ ಅಂಗಡಿ. ನವೆಂಬರ್ 1 ಹತ್ತಿರ ಬಂತೆಂದರೆ ಅಂಗಿ, ಪ್ಯಾಂಟು ಪಕ್ಕಕ್ಕಿಟ್ಟು ಕನ್ನಡ ಬಾವುಟವನ್ನೇ ಹೊಲಿಯುತ್ತಾರೆ. ಅಕ್ಟೋಬರ್‌ನಲ್ಲಿ ಹುಡುಗ ಅಲ್ಲಿ ಕೈಜೋಡಿಸಲು ಹೋಗಿದ್ದವನು ಒಂದು ಸೋಮವಾರ ಆರ್ಡರ್ ನೋಟ್‌ಬುಕ್ಕನ್ನೇ ಹಿಡಿದುಕೊಂಡು ಬಂದ. ಎಣ್ಣೆ ಕಲೆಯ ಹಾಳೆ. ಒಂದು ಸಾಲು ಹೀಗಿತ್ತು: "ಉದ್ದ 3 ಅಡಿ, ಎತ್ತರ 2. ಅರ್ಧ ಹಳದಿ ಅರ್ಧ ಕೆಂಪು. 40 ಪೀಸು." ಅಷ್ಟೇ. ಎಲ್ಲಿಂದ ಎಲ್ಲಿಗೆ ಅನ್ನುವ ಅಂಕಿ ಒಂದೂ ಇಲ್ಲ.

ಅವರನ್ನು ನೋಡಲು ನಾನೂ ಹೋದೆ. ಎದುರಿಗೆ ಕೂತು ನಮ್ಮ ಭಾಷೆಯಲ್ಲಿ ಜಪಾನಿನ ಬಾವುಟ ಹೇಗೆ ಬರೆಯುತ್ತೇವೆ ಅಂತ ಓದಿ ಹೇಳಿದೆ: ವೃತ್ತ, 450, 300, 180. ಅವರು ಕತ್ತರಿ ಕೆಳಗಿಟ್ಟರು. "ಅದೆಲ್ಲಾ ಇರ್ಲಿ ಮೇಷ್ಟ್ರೇ. ಯಾವುದ್ರಾಗೆ ಎಷ್ಟು ಪಾಲು, ಅದನ್ನ ಹೇಳ್ರಿ."

ಎತ್ತರವನ್ನು ಐದು ಪಾಲು ಮಾಡಿದರೆ ಮೂರು ಪಾಲು ವೃತ್ತದ ವ್ಯಾಸ ಅಂದೆ. ಜಪಾನ್ 1999ರಲ್ಲಿ ಮಾಡಿದ ಕಾನೂನಿನಲ್ಲಿರುವುದೂ ಅದೇ: ಎತ್ತರ 2, ಉದ್ದ 3, ವ್ಯಾಸ ಎತ್ತರದ 5ರಲ್ಲಿ 3. "ಹಂಗಂದ್ರೆ ಯಾವ ಸೈಜಿಗಾದ್ರೂ ಕತ್ತರಿಸ್ಬೋದು" ಅಂದು ಮತ್ತೆ ಕತ್ತರಿ ಎತ್ತಿಕೊಂಡರು.

ಅಂದಿನಿಂದ ಭಾಷೆಗೆ ಒಂದೇ ಕಟ್ಟಳೆ: ಬರೀ ಅಂಕಿ ಇಲ್ಲ. ಪ್ರತಿ ಅಂಕಿಯೂ ತಾನು ಯಾವುದರ ಪಾಲು ಅಂತ ಹೇಳಲೇಬೇಕು. ನವೆಂಬರ್ ಕೊನೆಗೆ ಮೂರನೇ ಆವೃತ್ತಿ ಓಡುವ ಸ್ಥಿತಿಗೆ ಬಂತು.

ಬಾವುಟ ಕನ್ನಡ
ಉದ್ದ 3 ಎತ್ತರ 2
ಅಡ್ಡಪಟ್ಟಿ ಅರಿಶಿನ 1 ಪಾಲು, ಕುಂಕುಮ 1 ಪಾಲು

ಮೊದಲು ಬರೆದದ್ದು ಮೇಲೆ, ಆಮೇಲೆ ಬರೆದದ್ದು ಕೆಳಗೆ. ಆಗಸ್ಟಿನ ಪೇಚು ತಾನಾಗಿಯೇ ತೀರಿತು. ಬಣ್ಣದ ಹೆಸರು ಆರಿಸಿದ್ದು ಮಕ್ಕಳು: ಹಳದಿ, ಕೆಂಪು ಅಂತ ಇಟ್ಟಿದ್ದೆವು, ಅವರೆಲ್ಲ ಅರಿಶಿನ ಕುಂಕುಮ ಅಂತಲೇ ಟೈಪ್ ಮಾಡಿದರು. ನಿಲುವುಪಟ್ಟಿಗೆ ಲೆಕ್ಕ ಕಂಬದ ಕಡೆಯಿಂದ. ಫ್ರಾನ್ಸಿನ ನೌಕಾಪಡೆಯ ಬಾವುಟದಲ್ಲಿ ಮೂರು ಪಟ್ಟಿ ಸಮ ಅಲ್ಲ. ನೀಲಿ 30 ಪಾಲು, ಬಿಳಿ 33 ಪಾಲು, ಕೆಂಪು 37 ಪಾಲು ಅಂತ ಒಂದೇ ಸಾಲಿನಲ್ಲಿ ಬರೆದರೆ ಮುಗಿಯಿತು.

ಉದ್ದ, ಎತ್ತರ ಅಂತ ಬಾಯಿ ಬಿಟ್ಟು ಬರೆಸುವುದಕ್ಕೂ ಕಾರಣವಿದೆ. ಮೊದಲು 3:2 ಅಂತ ಇಟ್ಟಿದ್ದೆವು. ನಮ್ಮ ಧ್ವಜ ಸಂಹಿತೆ ಉದ್ದವನ್ನು ಮೊದಲು ಹೇಳಿ 3:2 ಅನ್ನುತ್ತದೆ, ಬೇರೆ ಎಷ್ಟೋ ಕಡೆ ಎತ್ತರ ಮೊದಲು, 2:3. ಒಬ್ಬ ಹುಡುಗ ಜಪಾನಿಗೆ 2:3 ಬರೆದು ಬಾಗಿಲ ಪರದೆಯಂಥ ಬಾವುಟ ಮಾಡಿದ. ಇನ್ನೊಬ್ಬಳದು ಏನು ಮಾಡಿದರೂ ಓಡುತ್ತಿರಲಿಲ್ಲ. ಅವಳ ಹಿಂದೆ ನಿಂತು ಹತ್ತು ನಿಮಿಷ ನೋಡಿದ ಮೇಲೆ ಗೊತ್ತಾಯಿತು, ಅವಳು ಒತ್ತಿದ್ದು ವಿಸರ್ಗ. ಕಣ್ಣಿಗೆ ಎರಡೂ ಎರಡು ಚುಕ್ಕೆಯೇ.

ಕನ್ನಡ ಒಡ್ಡಿದ ಪರೀಕ್ಷೆ

ಪಾರ್ಸರ್‌ಗಿಂತ ಮೊದಲು ಲೆಕ್ಸರ್ ಇರುತ್ತದೆ, ಸಾಲನ್ನು ಪದಗಳಾಗಿ ಬಿಡಿಸುವ ಭಾಗ. ಹುಡುಗಿ ಪುಸ್ತಕದಲ್ಲಿದ್ದ ಹಾಗೆ "ಅಕ್ಷರಗಳ ಸಾಲು ಅಂದರೆ ಪದ" ಅಂತ ಬರೆದಿದ್ದಳು. "ಪಟ್ಟಿ" ಅಂತ ಕೊಟ್ಟರೆ "ಪಟ" ಅಂತ ಓದಿ ನಿಂತುಬಿಡುತ್ತಿತ್ತು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆಯ ಲೆಕ್ಕದಲ್ಲಿ "ಪಟ್ಟಿ" ಐದು ತುಂಡು: ಪ, ಟ, ಹಲಂತ, ಇನ್ನೊಂದು ಟ, ಗುಡಿಸು. ಪ, ಟ ಮಾತ್ರ ಅಕ್ಷರ ಅನ್ನುವ ವರ್ಗಕ್ಕೆ ಸೇರುತ್ತವೆ. ಹಲಂತ, ಗುಡಿಸು, ಕೊಂಬು, ದೀರ್ಘ ಎಲ್ಲವೂ ಗುರುತು ಅನ್ನುವ ಬೇರೆ ವರ್ಗ. ಇಂಗ್ಲಿಷಿಗೆ ಬರೆದ ನಿಯಮ ನಮ್ಮ ಕಾಗುಣಿತದ ಕತ್ತು ಹಿಸುಕುತ್ತಿತ್ತು. ಎರಡೂ ವರ್ಗ ಸೇರಿಸಿದ ಮೇಲೂ "ಜಪಾನ್‌" ಒಮ್ಮೆ ಸಿಗುತ್ತಿತ್ತು, ಒಮ್ಮೆ ಸಿಗುತ್ತಿರಲಿಲ್ಲ. ಕೊನೆಯಲ್ಲಿ ಕಣ್ಣಿಗೆ ಕಾಣದ, ಅಕ್ಷರಗಳು ಕೂಡದಂತೆ ತಡೆಯುವ ಒಂದು ಚಿಹ್ನೆ ಕೂತಿರುತ್ತಿತ್ತು. ಹೋಲಿಸುವ ಮುಂಚೆ ಅದನ್ನು ಕಿತ್ತುಹಾಕಿದೆವು. ಮೇಡಂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದ ಪಾಠದ ಹಾಳೆ ಮಾತ್ರ ಪೂರ್ತಿ ಕಲಸುಮೇಲೋಗರವಾಗಿ ಬಂತು, ಅದನ್ನು ಕೈಯಲ್ಲೇ ಮತ್ತೆ ಟೈಪ್ ಮಾಡಿದರು ಪಾಪ.

ವಾಕ್ಯದ ರಚನೆಯಲ್ಲೂ ಒಂದು ಪಾಠವಾಯಿತು. ನಾವು "ವೃತ್ತ ಕೆಂಪು" ಅಂತ ನಿಯಮ ಮಾಡಿದ್ದೆವು. ಮಕ್ಕಳು ಒಬ್ಬರೂ ಹಾಗೆ ಬರೆಯಲಿಲ್ಲ, "ಕೆಂಪು ವೃತ್ತ". ಅದೇ ಅಲ್ಲವೇ ಕನ್ನಡ? ಬಣ್ಣದ ಹೆಸರುಗಳು ಭಾಷೆಗೆ ಮೊದಲೇ ಗೊತ್ತಿರುವುದರಿಂದ ತಿದ್ದಲು ಅವಳಿಗೆ ಒಂದು ಸಂಜೆ ಸಾಕಾಯಿತು. ಭಿನ್ನರಾಶಿಯನ್ನೂ 3/5 ಅಂತ ಬರೆಸದೆ ಟೈಲರ್ ಮಾವ ಹೇಳಿದಂತೆಯೇ ಬರೆಸಿದೆವು.

ಬಾವುಟ ಬಾಂಗ್ಲಾದೇಶ
ಉದ್ದ 10 ಎತ್ತರ 6
ಹಸಿರು ನೆಲ
ಕೆಂಪು ವೃತ್ತ
ತ್ರಿಜ್ಯ ಉದ್ದದ 5ರಲ್ಲಿ 1
ಕೇಂದ್ರ ಕಂಬದಿಂದ ಉದ್ದದ 20ರಲ್ಲಿ 9

ಇಲ್ಲಿ ನಮ್ಮ ಅದೃಷ್ಟ ನೋಡಿ: ಒಂದರಲ್ಲಿ, ಎರಡರಲ್ಲಿ, ಇಪ್ಪತ್ತರಲ್ಲಿ, ನೂರರಲ್ಲಿ, ಯಾವ ಅಂಕಿಗೂ "ರಲ್ಲಿ" ಅಂಟಿಸಿದರೆ ಸಾಕು. ಸಾವಿರಕ್ಕೆ ಬಂದರೆ "ಸಾವಿರದಲ್ಲಿ" ಆಗುತ್ತದೆ. ಬಾವುಟವನ್ನು ಸಾವಿರ ಪಾಲು ಮಾಡುವವರು ಯಾರು ಅಂತ ಅದನ್ನು ಬಿಟ್ಟೆವು. ಜಪಾನಿನ ವೃತ್ತ ಎತ್ತರದ ಪಾಲು, ಬಾಂಗ್ಲಾದೇಶದ್ದು ಉದ್ದದ ಪಾಲು. ಮೇಲಾಗಿ ಬಾಂಗ್ಲಾದೇಶದ ಕೇಂದ್ರ ನಟ್ಟನಡುವೆ ಇಲ್ಲ, ಕಂಬದ ಕಡೆಗೆ ಸರಿದಿದೆ. "ಉದ್ದದ" ಅನ್ನುವ ಒಂದು ಪದ ಇಲ್ಲದಿದ್ದರೆ ಈ ಎರಡೂ ಬಾವುಟ ಒಂದೇ ಭಾಷೆಯಲ್ಲಿ ಗೊಂದಲವಿಲ್ಲದೆ ಕೂರುತ್ತಿರಲಿಲ್ಲ. ವೃತ್ತದ ಬದಲು "ದುಂಡು" ಇಡೋಣ, ಟೈಪ್ ಮಾಡಲು ಸುಲಭ ಅಂತ ಹುಡುಗ ವಾದಿಸಿದ. ಪಠ್ಯಪುಸ್ತಕದ ಪದವೇ ಇರಲಿ ಅಂದೆ. ಅದರಲ್ಲಿ ನಾನು ತಪ್ಪಲಿಲ್ಲ ಅಂತ ಈಗಲೂ ಅನಿಸುತ್ತದೆ.

ಕೂದಲೆಳೆ ಮತ್ತು ಚಕ್ರ

ಕನ್ನಡ ಬಾವುಟವನ್ನು ಕೆಲವು ಅಳತೆಗೆ ಹಿಗ್ಗಿಸಿದಾಗ ಅರಿಶಿನ ಕುಂಕುಮದ ನಡುವೆ ಕೂದಲೆಳೆಯಷ್ಟು ತೆಳುವಾದ ಬಿಳಿಚು ಗೆರೆ ಕಾಣುತ್ತಿತ್ತು. ಹುಡುಗ ಒಂದು ವಾರ ಒದ್ದಾಡಿದ. ಲೆಕ್ಕ ಸರಿಯಾಗಿಯೇ ಇತ್ತು, ಅಂಕಿಗಳನ್ನು ದಶಮಾಂಶ ಮಾಡದೆ ಭಿನ್ನರಾಶಿಯಾಗಿಯೇ ಇಟ್ಟುಕೊಂಡಿದ್ದೆವು. ಕೊನೆಗೆ ಮೊಬೈಲಿನಲ್ಲಿ ಮಾವನಿಗೆ ತೋರಿಸಿದನಂತೆ. ಅವರು ನೋಡಿದ ತಕ್ಷಣ, "ಹೊಲಿಗೆಗೆ ಬಟ್ಟೇನೇ ಬಿಟ್ಟಿಲ್ವಲ್ಲೋ ತಮ್ಮಾ" ಅಂದರು.

ಆಗಿದ್ದೂ ಅದೇ. ಪರದೆಯ ಮೇಲೆ ಎತ್ತರ 401 ಚುಕ್ಕೆ (ಪಿಕ್ಸೆಲ್) ಇದ್ದರೆ ಅರ್ಧ 200.5. ಗಡಿಯ ಮೇಲಿನ ಚುಕ್ಕೆಗಳ ಸಾಲನ್ನು ಅರಿಶಿನ ಅರ್ಧ ಮುಚ್ಚುತ್ತದೆ, ಕುಂಕುಮ ಅರ್ಧ ಮುಚ್ಚುತ್ತದೆ, ಬ್ರೌಸರು ಎರಡನ್ನೂ ಬೇರೆ ಬೇರೆಯಾಗಿ ಬೆರೆಸುವುದರಿಂದ ಹಿಂದಿನ ಬಿಳಿ ಇಣುಕುತ್ತದೆ. ಈಗ ಪ್ರತಿ ಪಟ್ಟಿಯನ್ನೂ ಬಾವುಟದ ತಳದವರೆಗೆ ಬಳಿದು ಮುಂದಿನ ಪಟ್ಟಿಯನ್ನು ಅದರ ಮೇಲೆ ಹೊದಿಸುತ್ತೇವೆ. ಒಂದರ ಮೇಲೊಂದು ಬಟ್ಟೆ ಬಿದ್ದರೆ ಸಂದು ಎಲ್ಲಿಂದ ಬರಬೇಕು?

ಅಶೋಕ ಚಕ್ರದ ವಿಷಯದಲ್ಲಿ ಜಗಳವೇ ಆಯಿತು. 24 ಕಡ್ಡಿ, ಪ್ರತಿ 15 ಡಿಗ್ರಿಗೆ ಒಂದು, ಅದು ಸಲೀಸು. ವ್ಯಾಸ ಎಷ್ಟು? 900×600 ಮಿಲಿಮೀಟರ್ ಬಾವುಟಕ್ಕೆ 185 ಅಂತ ನಿಗದಿಯಿದೆ. ಬಿಳಿ ಪಟ್ಟಿಯ ಎತ್ತರ 200, ಅಂದರೆ ಪಟ್ಟಿಯ 40ರಲ್ಲಿ 37. 1800×1200ಕ್ಕೆ 370, 6300×4200ಕ್ಕೆ 1295. ಅಲ್ಲೂ 40ರಲ್ಲಿ 37. ಹುಡುಗಿ ಕುಣಿದಾಡಿದಳು. ಆಮೇಲೆ ಸಣ್ಣ ಅಳತೆಗಳನ್ನು ನೋಡಿದೆವು. 450×300ಕ್ಕೆ 92.5 ಬರಬೇಕು, ನಿಗದಿ 90. 225×150ಕ್ಕೆ 46.25ರ ಬದಲು 40. 150×100ಕ್ಕೆ ಸುಮಾರು 31 ಬರಬೇಕಾದಲ್ಲಿ 25. ಮೇಜಿನ ಮೇಲಿಡುವ ಬಾವುಟದ ಚಕ್ರ ಪಾಲಿಗಿಂತ ಸಣ್ಣದು.

ಒಂದೇ ಸೂತ್ರ ಇರಲಿ, ಭಾಷೆ ಶುದ್ಧವಾಗಿರಲಿ ಅನ್ನುವುದು ಅವಳ ವಾದ. ಮುದ್ರಿಸಿ ಗೋಡೆಗೆ ಹಚ್ಚುವ ರಾಷ್ಟ್ರಧ್ವಜದಲ್ಲಿ ನಮ್ಮ ಶುದ್ಧಿಗಿಂತ ನಿಗದಿಯಾದ ಅಳತೆ ದೊಡ್ಡದು ಅನ್ನುವುದು ನನ್ನದು. ಕೊನೆಗೆ "ಚಕ್ರ" ಅನ್ನುವ ಪದದ ಹಿಂದೆ ನಿಗದಿಯಾದ ಒಂಬತ್ತು ಅಳತೆಗಳ ಕೋಷ್ಟಕವನ್ನೇ ಇಟ್ಟೆವು: ಅಳತೆ ಹೇಳಿದರೆ ಕೋಷ್ಟಕದಂತೆ, ಹೇಳದಿದ್ದರೆ 40ರಲ್ಲಿ 37. ಅವಳು ಕೋಡಿನಲ್ಲಿ ಆ ಜಾಗಕ್ಕೆ "ಸರ್ ಹೇಳಿದ್ದಕ್ಕೆ" ಅಂತ ಟಿಪ್ಪಣಿ ಬರೆದಿಟ್ಟಿದ್ದಾಳೆ.

ನಡೆದದ್ದು

ಜನವರಿ 26ರ ಹಿಂದಿನ ದಿನ ಅದೇ ಲ್ಯಾಬಿನಲ್ಲಿ ಮತ್ತೆ ತಾಲೀಮು. ಕೇಸರಿ ಎಲ್ಲರದ್ದೂ ಮೇಲೇ ಬಂತು. ಮೇಡಂ ಆದರೂ ಸ್ವಿಚ್‌ಬೋರ್ಡಿನ ಹತ್ತಿರವೇ ನಿಂತಿದ್ದರು. ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಾವು ಕೊನೆಯ ವಾರ ಗಡಿಬಿಡಿಯಲ್ಲಿ ಸೇರಿಸಿದ ಒಂದು ಸೌಲಭ್ಯ: "ಸಾಲು 3: ‘ಕೇಸರ’ ಅನ್ನುವ ಬಣ್ಣ ಗೊತ್ತಿಲ್ಲ. ‘ಕೇಸರಿ’ ಇರಬಹುದೇ?" ತಪ್ಪನ್ನು ಮಕ್ಕಳ ಮಾತಿನಲ್ಲೇ ಹೇಳುವುದು ಮೊದಲ ದಿನವೇ ಆಗಬೇಕಿತ್ತು. ಭಿನ್ನರಾಶಿ ಅಂದರೆ ಹಿಂಜರಿಯುತ್ತಿದ್ದ ಒಬ್ಬಳು "20ರಲ್ಲಿ 9 ಅಂದ್ರೆ ಅರ್ಧಕ್ಕಿಂತ ಒಂದು ಪಾಲು ಕಮ್ಮಿ" ಅಂತ ಪಕ್ಕದವಳಿಗೆ ವಿವರಿಸುತ್ತಿದ್ದುದನ್ನು ಮೇಡಂ ನನ್ನನ್ನು ಕರೆದು ಕೇಳಿಸಿದರು.

ಮೇ ತಿಂಗಳ ವೈವಾದಲ್ಲಿ ಪಾಡು ಬೇರೆಯಾಯಿತು. ಹೊರಗಿನಿಂದ ಬಂದ ಪರೀಕ್ಷಕರು "ಲೂಪ್ ಎಲ್ಲಿ? ಲೂಪ್ ಇಲ್ಲದ್ದು ಭಾಷೆ ಹೇಗಾಗುತ್ತೆ?" ಅಂದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸೂಚನೆಯೇ ಲೂಪ್. ಬಾವುಟವನ್ನು ವರ್ಣಿಸುವ ಭಾಷೆಗೆ ಲೂಪ್ ಬೇಕಿಲ್ಲ ಅಂತ ಹುಡುಗಿ ವಾದಿಸಿದಳು. "ಹಾಗಾದ್ರೆ ಅಮೆರಿಕದ್ದು ಬಿಡಿಸಿ" ಅಂದರು. 50 ನಕ್ಷತ್ರ, ಆರು ಮತ್ತು ಐದರ ಒಂಬತ್ತು ಸಾಲು. ನಮ್ಮ ಭಾಷೆಯಲ್ಲಿ ಪ್ರತಿ ನಕ್ಷತ್ರಕ್ಕೂ ಬೇರೆ ಬೇರೆಯಾಗಿ ಬರೆಯಬೇಕು. ಇಬ್ಬರೂ ಸುಮ್ಮನಾದರು. ಅಂಕ ಕಡಿಮೆ ಬಂತು. ಲೂಪ್ ಇಲ್ಲದ್ದು ಭಾಷೆಯಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅಮೆರಿಕದ ಬಾವುಟವನ್ನು ಪರೀಕ್ಷೆಯ ಪಟ್ಟಿಯಲ್ಲಿ ಇಡದೇ ಹೋದದ್ದು ಗೈಡ್ ಆಗಿ ನನ್ನ ಲೋಪ. ನಮ್ಮ ಭಾಷೆಯಲ್ಲಿ ಬರೆಯಲು ಬರುವ ಬಾವುಟಗಳನ್ನೇ ಹುಡುಕಿ ಹುಡುಕಿ ಪರೀಕ್ಷಿಸಿದ್ದೆವು. "ಸಾಲಾಗಿ 6 ನಕ್ಷತ್ರ" ಅನ್ನುವ ಒಂದು ಪದಗುಚ್ಛ ಈಗ ಸೇರಿದೆ.

ನೇಪಾಳ

ಮಕ್ಕಳು ಮೊದಲ ದಿನದಿಂದಲೂ ಕೇಳಿದ್ದು ನೇಪಾಳದ ಬಾವುಟ. ಎರಡು ತ್ರಿಕೋನ ಒಂದರ ಮೇಲೊಂದು, ಆಯತವೇ ಅಲ್ಲದ ರಾಷ್ಟ್ರಧ್ವಜ. ಅದನ್ನು ಹೇಗೆ ಬಿಡಿಸಬೇಕು ಅನ್ನುವುದು ಆ ದೇಶದ ಸಂವಿಧಾನದ ಅನುಸೂಚಿಯಲ್ಲೇ 24 ಹೆಜ್ಜೆಗಳಲ್ಲಿದೆ. ಹುಡುಗಿ ಓದಿ, "ಸರ್, ಇದು ಪ್ರೋಗ್ರಾಮೇ" ಅಂದಳು. ತಳದಲ್ಲಿ ಬೇಕಾದಷ್ಟು ಉದ್ದದ ಗೆರೆ. ಎಡತುದಿಯಿಂದ ಮೇಲಕ್ಕೆ, ತಳದಷ್ಟು ಮತ್ತು ಅದರ 3ರಲ್ಲಿ 1. ಇಲ್ಲಿಯವರೆಗೆ ಪಾಲೇ. ಆಮೇಲೆ ಆ ನಿಂತ ಗೆರೆಯಲ್ಲಿ ತಳದಷ್ಟೇ ಎತ್ತರಕ್ಕೆ ಗುರುತು ಹಾಕಿ, ಅಲ್ಲಿಂದ ತಳದ ಬಲತುದಿಗೆ ಓರೆಗೆರೆ. ಆ ಓರೆಗೆರೆಯ ಮೇಲೆ, ಬಲತುದಿಯಿಂದ ತಳದಷ್ಟೇ ಉದ್ದ ಅಳೆದು ಇನ್ನೊಂದು ಗುರುತು. ಅದನ್ನು ಮುಟ್ಟಿಕೊಂಡು ತಳಕ್ಕೆ ಸಮಾನಾಂತರ ಗೆರೆ.

ಆ ಗೆರೆ ತಳದಿಂದ ಎಷ್ಟು ಎತ್ತರದಲ್ಲಿದೆ? ತಳವನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು. ಸುಮಾರು 0.707. ಎಷ್ಟರಲ್ಲಿ ಎಷ್ಟು ಪಾಲು ಅಂತ ಕೇಳಿದರೆ ಯಾವ ಭಿನ್ನರಾಶಿಯೂ ಉತ್ತರವಲ್ಲ. ನಾವು ಇಡೀ ಭಾಷೆಯನ್ನು ನಿಲ್ಲಿಸಿದ ಕಂಬವೇ ಇಲ್ಲಿ ನಿಲ್ಲುವುದಿಲ್ಲ. ಬಿಂದು, ಗೆರೆ, ಸಮಾನಾಂತರ ಅಂತ ಸೇರಿಸಿ ನೋಡಿದೆವು. ವ್ಯಾಕರಣ ಎರಡು ಪಟ್ಟು ಬೆಳೆಯಿತು, ಮಕ್ಕಳಿಗೆ ಕನ್ನಡ ಬಾವುಟ ಬರೆಯುವುದೂ ಕಷ್ಟವಾಯಿತು. ತೆಗೆದುಹಾಕಿದೆವು.

ಆ ವಾರ ಹುಡುಗ 24 ಹೆಜ್ಜೆಗಳನ್ನು ಕನ್ನಡದಲ್ಲಿ ಬರೆದುಕೊಂಡು ಮಾವನ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ. ಅವರು ಕೆಂಪು ಬಟ್ಟೆ ಹಾಸಿ ಮೊದಲ ಗೆರೆಗಳನ್ನು ಎಳೆದರು. ಓರೆಗೆರೆ ಬಂದಾಗ ಎಷ್ಟು ಪಾಲು ಅಂತ ಕೇಳಲೇ ಇಲ್ಲ. ಟೇಪಿನ ತುದಿಯನ್ನು ಬಲ ಮೂಲೆಗೆ ಒತ್ತಿ ಹಿಡಿದು, ಓರೆಯಾಗಿ ಎಳೆದು, ತಳದಷ್ಟು ಆದ ಕಡೆ ಚಾಕಿನಿಂದ ಗೀರಿ ಮುಂದಿನ ಹೆಜ್ಜೆ ಓದು ಅಂದರು.

ಮೇಡಂ ಈಗ ಅದನ್ನು ಕೈವಾರ, ಪಟ್ಟಿ, ಬಣ್ಣದ ಕಾಗದದಲ್ಲಿ ಮಾಡಿಸುತ್ತಾರೆ. ಲ್ಯಾಬಿನ ಗೋಡೆಯ ಮೇಲೆ ಒಂದಿದೆ. ನೀಲಿ ಅಂಚನ್ನು ಹೊರಗೆ ಸೇರಿಸುವ ಬದಲು ಒಳಗೇ ಬಳಿದಿದ್ದಾರೆ, ಹಾಗಾಗಿ ಕೆಂಪು ಸ್ವಲ್ಪ ಕಿರಿದಾಗಿದೆ.